ಹೊಡೆಯುವಂತಿಲ್ಲ

ಬೆಳಿಗ್ಗೆ ಹನ್ನೊಂದು ಗಂಟೆಗೆ ವಿಜಾಪುರದ ಕೋರ್ಟಿನಲ್ಲಿ ಮೋಟಾರು ಡ್ರೈವರ್ ಧೂಳಪ್ಪನಿಗೆ ಶಿಕ್ಷೆಯಾಯಿತು. ೧೯೪೩ನೇ ಇಸವಿ, ಜೂನ್ ತಿಂಗಳು. ಕುಡಿದ ಅಮಲಿನಲ್ಲಿ ರಸ್ತೆಯ ಮೇಲೆ ಮೋಟಾರು ನಡೆಸಿದನೆಂಬುದು ಆರೋಪ. ಆರೋಪವನ್ನು ಅವನು ಒಪ್ಪಿಕೊಂಡಿದ್ದ.

ಸಾಹೇಬರು ತೀರ್ಪನ್ನು ಇಂಗ್ಲಿಷಿನಲ್ಲಿ ಓದಿದರು. ಅದನ್ನು ಕನ್ನಡದಲ್ಲಿ ತಿಳಿಸುವುದು ಕಾರಕೂನ ಬಸಲಿಂಗಯ್ಯನ ಕೆಲಸ. ಅಂದು ಅವನ ಮೇಜಿನ ಮೇಲೆ ಇನ್ನೂ ಬಹಳ ಖಟ್ಲೆಗಳಿದ್ದವು. ಬಾಗಿಲಾಚೆ ಬೇವಿನ ನೆರಳಿನಲ್ಲಿ ಕೂತಿದ್ದ ಧೂಳಪ್ಪನ ಹೆಂಡತಿ ಮಲಕವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

“ದಂಡ ಕಟ್ಟಬೇಕು. ಲೈಸೆನ್ಸ್ ಇಲ್ಲೇ ಇಡಬೇಕು, ಅದರಾಗ ಕೆಂಪು ಶಾಯೀಲೆ ತಪ್ಪಿನ ಶೆರಾ ಬೀಳ್ತದ. ಇವತ್ತಿನಿಂದ ಆರು ತಿಂಗಳು ಗಾಡಿ ಹೊಡಿಯೂ ಹಂಗಿಲ್ಲ. ಹೊಡದದ್ದು ಕಂಡ್ರ ಜೇಲು. ಆರು ತಿಂಗಳಾದ ಮ್ಯಾಲ ಇನ್‌ಸ್ಪೆಕ್ಟರ್ ಸಾಹೇಬರ ಮುಂದ ಹೊಸದಾಗಿ ಪರೀಕ್ಷಾ. ಪಾಸಾದ್ರ ಲೈಸೆನ್ಸ್ ತಿರುಗಿ ಸಿಗತದ. ತಿಳೀತಿಲ್ಲೊ?”

ಧೂಳಪ್ಪ ಕೈಕಟ್ಟಿ ನಿಂತಿದ್ದ. “ಯಾವ ಗಾಡಿರಿ?” ಎಂದು ಕೇಳಿದ.

ಬಸಲಿಂಗಯ್ಯನಿಗೆ ಇದು ಹೆಚ್ಚಿನ ಮಾತು ಅನ್ನಿಸಿತು. “ಯಾವ ಗಾಡೀನೂ! ಸಣ್ಣದಿಲ್ಲ, ದೊಡ್ಡದಿಲ್ಲ. ಯಾವ ಗಾಡೀನೂ ಹೊಡಿಯೂ ಹಂಗಿಲ್ಲ. ಹೋಗು ಇನ್ನ.”

ಬಸಲಿಂಗಯ್ಯನ ಮನಸ್ಸಿನಲ್ಲಿದ್ದದ್ದು ಕಾರು, ಬಸ್ಸು, ಲಾರಿ. ತಿಕೋಟಾ ಊರಿನ ಆ ಗಂಡಹೆಂಡಿರ ಕಣ್ಣಿಗೆ ಬಂದದ್ದು ಕೋರ್ಟಿನ ಅಂಗಳದಲ್ಲಿ ನಿಂತಿದ್ದ ಅವರ ಎತ್ತಿನ ಗಾಡಿ. ಮುಂಜಾನೆ ಅದನ್ನು ಹೊಡೆದುಕೊಂಡು ಬಂದವನು ಧೂಳಪ್ಪನೇ. ಈಗ ಹೊರಗೆ ಬಂದು, ಹಗ್ಗಕ್ಕೆ ಕೈಹಾಕಲು ಹೋಗಿ, ಕೆಂಡ ಮುಟ್ಟಿದವನಂತೆ ಹಿಂದೆ ಸರಿದ. ಕಟ್ಟೆಯ ಮೇಲೆ ಪೊಲೀಸ ಗುಡುಸಾಬ ಬೀಡಿ ಸೇದುತ್ತ ಇತ್ತಲೇ ನೋಡುತ್ತಿದ್ದ.

“ಮಲ್ಕಿ, ನಾ ಹತ್ತೂ ಹಂಗಿಲ್ಲ ಬೇ.”

“ಹತ್ತೂ ಹಂಗಿಲ್ಲ ಅಂದಿಲ್ಲಲ್ರಿ. ಹೊಡಿಯೂ ಹಂಗಿಲ್ಲ ಅಂದಾರ.”

“ಹಂಗಾರ ಹೊಡಿಯವ್ರು ಯಾರು?”

ಮಲಕವ್ವ ಸುತ್ತ ನೋಡಿದಳು. ಪರಿಚಯದವರು ಯಾರೂ ಕಾಣಲಿಲ್ಲ. ತವರೂರು ಕಾಖಂಡಕಿಯಲ್ಲಿ ಹುಡುಗಿಯಾಗಿದ್ದಾಗ ಅವಳು ಹೊಲಕ್ಕೆ ಗೊಬ್ಬರದ ಗಾಡಿ ಹೊಡೆದಿದ್ದುಂಟು. ಮದುವೆಯಾದ ಮೇಲೆ ಹಗ್ಗ ಮುಟ್ಟಿದ್ದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ಮುಂದಿನ ಮೂಕಿಯ ಮೇಲೆ ಕಾಲಿಟ್ಟು ಹತ್ತಿ ಕೂತಳು. ಧೂಳಪ್ಪ ಹಿಂದಿನಿಂದ ಹತ್ತಿ ಮುದುಡಿಕೊಂಡ.

“ಏನೋ ಧೂಳ್ಯಾ,” ಎಂದು ಗುಡುಸಾಬ ಕಟ್ಟೆಯಿಂದಲೇ ಕೂಗಿದ, “ಗಂಡನ ಮನಿಗೆ ಹೊಂಟ ಮದಲಗಿತ್ತಿ ಹಂಗ ಕುಂತೀಯಲ್ಲೋ!”

ಎತ್ತುಗಳು ಹೊಸ ಕೈಯನ್ನು ಒಂದು ಗಳಿಗೆ ಅನುಮಾನಿಸಿ, ಆಮೇಲೆ ನಡೆದವು.

ತಪ್ಪು ನಡೆದದ್ದು ಏಪ್ರಿಲ್‌ನಲ್ಲಿ. ಗುರಲಿಂಗಪ್ಪ ಸಾವುಕಾರನ ಸರ್ವಿಸ್ ಮೋಟಾರು ವಿಜಾಪುರಕ್ಕೂ ಬಬಲೇಶ್ವರಕ್ಕೂ ಓಡುತ್ತಿತ್ತು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಮೋಟಾರಿನ ಬೆನ್ನಿಗೆ ಕಬ್ಬಿಣದ ದೊಡ್ಡ ಡಬ್ಬ ಕಟ್ಟಿ, ಅದರಲ್ಲಿ ಇದ್ದಲಿ ಸುಟ್ಟು, ಆ ಗ್ಯಾಸಿನಿಂದ ಎಂಜಿನ್ ನಡೆಸುತ್ತಿದ್ದರು. ಏರು ಬಂದರೆ ಜನ ಇಳಿದು ನಡೆಯಬೇಕು. ಧೂಳಪ್ಪ ಅಂಥ ಮೋಟಾರನ್ನೂ ಕುರಿಮರಿಯಂತೆ ಸಂಭಾಳಿಸುತ್ತಿದ್ದ. ಅವನ ಹಿರಿಯರು ಕುರಿ ಕಾಯ್ದವರು. ಅವರ ಮನೆತನದಲ್ಲಿ ಸ್ಟಿಯರಿಂಗ್ ಹಿಡಿದ ಮೊದಲಿಗ ಇವನೇ. ಆದರೆ ಸಂತೆಯ ದಿನ ಬಬಲೇಶ್ವರದಲ್ಲಿ ಮಧ್ಯಾಹ್ನದ ಬಿಸಿಲಿಗೆ ಶೇಂದಿ ಕುಡಿದು ಸೀಟಿನಲ್ಲಿ ಕೂತ. ಊರು ದಾಟಿ, ತಿಕೋಟಾದ ದಾರಿ ಬಂದು ಕೂಡುವಲ್ಲಿ ಮೋಟಾರು ರಸ್ತೆ ಬಿಟ್ಟು ಒಂದು ಮಗ್ಗುಲಾಗಿ ತಗ್ಗಿಗೆ ಇಳಿಯಿತು.

ಜೀವ ಯಾರದೂ ಹೋಗಲಿಲ್ಲ. ಬಳೆ ಮಾರುವ ಮಾಬುಬಿಯ ಎಡಗೈ ಮಣಿಕಟ್ಟು ಮುರಿಯಿತು. ಅವಳ ಬುಟ್ಟಿ ಉರುಳಿ ಬಳೆಗಳೆಲ್ಲ ರಸ್ತೆಯ ತುಂಬ ಚೆಲ್ಲಿದವು. ಕೆಂಪು, ಹಸಿರು, ನೀಲಿ ಚೂರುಗಳು ಬಿಸಿಲಿಗೆ ಹೊಳೆದವು. ಇಳಿದ ಜನ ಬರಿಗಾಲಿನಲ್ಲಿ ನಿಂತಲ್ಲೇ ನಿಂತರು. ಹೆಜ್ಜೆ ಇಡಲು ಜಾಗವಿರಲಿಲ್ಲ. ಪೊಲೀಸರು ಬಂದು ಕೇಳಿದಾಗ ಧೂಳಪ್ಪ, “ಕುಡದಿದ್ನಿರಿ,” ಅಂದ. ಅಮಲಿನಲ್ಲಿದ್ದಾಗಲೂ ಇಲ್ಲದಾಗಲೂ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಶಿಕ್ಷೆಯಾದ ದಿನ ಗಾಡಿ ತಿಕೋಟಾ ಮುಟ್ಟಿದಾಗ ಹೊತ್ತು ಇಳಿಮುಖವಾಗಿತ್ತು. ಊರ ಹೊರಗೆ ಈಚಲ ಮರಗಳ ಕೆಳಗೆ ಶೇಂದಿಯ ಅಂಗಡಿ. ಅದರ ಮುಂದೆ ಎತ್ತುಗಳು ಯಾರೂ ಹೇಳದೆ ನಿಂತವು. ಅವುಗಳಿಗೆ ಅದು ವರ್ಷಗಟ್ಟಲೆಯ ರೂಢಿ. ಧೂಳಪ್ಪ ಇಳಿದು ರುಮಾಲು ಸರಿಮಾಡಿಕೊಂಡ.

“ಎಲ್ಲಿಗ್ರಿ?”

“ಎದಿ ಒಣಗೇತಿ. ಒಂದ ತಂಬಿಗಿ ಹೊಡದು ಬರ್ತೀನಿ.”

ಮಲಕವ್ವ ಹಗ್ಗ ಹಿಡಿದು ಮುಂದೆ ನೋಡುತ್ತ ಕೂತಿದ್ದಳು. ಆ ಮಾತು ಅವಳ ಕಿವಿಗೆ ಬಿದ್ದ ಕೂಡಲೇ ಬಾಯಿಂದ ಉತ್ತರ ತಾನಾಗಿ ಹೊರಟಿತು. “ಹೊಡಿಯೂ ಹಂಗಿಲ್ಲ ಅಂದಾರ.”

ಧೂಳಪ್ಪ ತಿರುಗಿ ನಿಂತ. “ಅದು ಗಾಡಿಗೆ ಅಂದದ್ದು ಬೇ. ಶೇಂದಿಗೆ ಏನ ಗಾಲಿ ಅದಾವೇನ?”

“ಹೊಟ್ಯಾಗ ಹೋದ ಮ್ಯಾಲ ಬರ್ತಾವ. ಬಬಲೇಶ್ವರದ ಹತ್ರ ನೋಡಿಲ್ಲೇನು?”

ಅಂಗಡಿಯೊಳಗೆ ಯಾರೋ ನಕ್ಕರು. ಧೂಳಪ್ಪ ನಗಲಿಲ್ಲ. ಈಚಲ ಮರಗಳ ಕಡೆ ನೋಡಿದ, ರಸ್ತೆಯ ಕಡೆ ನೋಡಿದ. “ಗುಡುಸಾಬ ಈ ಕಡೆ ಬರ್ತಿರ್ತಾನೇನ?”

“ಹೊಡದದ್ದು ಕಂಡ್ರ ಜೇಲು. ಯಾರ ಕಂಡ್ರ ಅಂತ ಹೇಳಿಲ್ಲ.”

ಅವನು ಮತ್ತೆ ಗಾಡಿ ಹತ್ತಿದ. ಮಲಕವ್ವ ಎತ್ತುಗಳನ್ನು ತಿವಿದಳು. ತಾನು ಆಡಿದ ಮಾತು ಖರೆಯೋ ಸುಳ್ಳೋ ಅವಳಿಗೂ ಗೊತ್ತಿರಲಿಲ್ಲ. ಯಾರನ್ನೂ ಕೇಳಲು ಹೋಗಲಿಲ್ಲ. ಕೇಳಿದರೆ ಏನಾದರೂ ಒಂದು ಉತ್ತರ ಬಂದೇ ಬರುತ್ತದೆಂಬ ಹೆದರಿಕೆ.

ಡ್ರೈವರಿಕೆ ಹೋದ ಮನೆಯಲ್ಲಿ ಒಲೆ ಉರಿಯಬೇಕಲ್ಲ. ಗುರಲಿಂಗಪ್ಪ ಸಾವುಕಾರ ಒರಟ. ಆದರೆ ಕೈಬಿಡುವ ಮನುಷ್ಯನಲ್ಲ. ಮೋಟಾರಿಗೆ ಬೇಕಾಗುವ ಇದ್ದಲಿಯನ್ನು ತಿಕೋಟಾದ ಸೀಮೆಯಲ್ಲಿ ಜಾಲಿ ಕಡಿದು ಸುಡುತ್ತಿದ್ದರು. ಅದನ್ನು ಬಬಲೇಶ್ವರದ ಮೋಟಾರು ನಿಲ್ದಾಣಕ್ಕೆ ಮುಟ್ಟಿಸುವ ಕೆಲಸವನ್ನು ಧೂಳಪ್ಪನಿಗೆ ವಹಿಸಿದ. ಗಾಡಿ ಹೊಡೆಯುವವಳು ಹೆಂಡತಿ ಎಂದು ಕೇಳಿ ಹುಬ್ಬು ಏರಿಸಿದ. “ಯಾರರ ಹೊಡೀರಿ ಮಾರಾಯ, ಇದ್ದಲಿ ಪುಡಿ ಆಗದಂಗ ಬರಲಿ,” ಅಂದ.

ಹೀಗೆ ಮಲಕವ್ವನ ದಿನಗಳು ದಾರಿಯ ಮೇಲೆ ಬಿದ್ದವು. ತಿಕೋಟಾದ ಕಟ್ಟೆಯ ಮಂದಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಆ ವರ್ಷ ಬೇರೆ ಸಿಗಲಿಲ್ಲ.

“ಏ ಡ್ರೈವರವ್ವಾ, ಮೋಟಾರ ಬಬಲೇಶ್ವರಕ್ಕ ಹೋಗತೈತೇನ? ಹಾರ್ನ್ ಹೊಡಿ ನೋಡೂಣು!”

“ಧೂಳಪ್ಪಾ, ಟಿಕೀಟ ತಗೊಂಡಿಯೋ ಹಂಗ ಕುಂತಿಯೋ?”

ಮೊದಲೆರಡು ಸಲ ಮಲಕವ್ವ ತಲೆ ತಗ್ಗಿಸಿದಳು. ಮೂರನೆಯ ಸಲ ತಗ್ಗಿಸಲಿಲ್ಲ. “ಹಿಂದ ಜಾಗಾ ಇಲ್ಲೋ ಯಪ್ಪಾ, ಸಾಮಾನು ತುಂಬೈತಿ,” ಎಂದು ಇದ್ದಲಿ ಚೀಲಗಳ ನಡುವೆ ಕೂತ ಗಂಡನನ್ನು ತೋರಿಸಿದಳು. ಕಟ್ಟೆಯ ಮಂದಿ ಬಿದ್ದು ಬಿದ್ದು ನಕ್ಕರು. ಹಿಂದೆ ತಿರುಗಿ ನೋಡಿದರೆ ಧೂಳಪ್ಪನೂ ನಗುತ್ತಿದ್ದ. ಇದ್ದಲಿಯ ಧೂಳು ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಕಾಣುತ್ತಿತ್ತು.

ಊರು ಹಿಂದಾದ ಮೇಲೆ ಮಾತು ನಿಲ್ಲುತ್ತಿತ್ತು. ಎರಡೂ ಕಡೆ ಕಪ್ಪು ನೆಲ, ಅದರ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಆಕಾಶ. ಎತ್ತಿನ ಕೊರಳ ಗಂಟೆ ಒಂದೇ ಸಮ ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದು ಕೇಳಿಸುವುದೇ ನಿಂತು ಹೋಗಿ, ಗಾಡಿ ನಿಂತಿದೆ, ದಾರಿಯೇ ತನ್ನ ಕೆಳಗೆ ಹರಿದು ಹಿಂದಕ್ಕೆ ಹೋಗುತ್ತಿದೆ ಎಂದು ಮಲಕವ್ವನಿಗೆ ಅನ್ನಿಸುತ್ತಿತ್ತು. ಬಿಸಿಲೇರಿದಾಗ ದೂರದ ಬೇವಿನ ಗಿಡಗಳು ನೆಲ ಬಿಟ್ಟು ಮೇಲೆದ್ದು ನೀರಿನಲ್ಲಿ ನಿಲ್ಲುತ್ತಿದ್ದವು. ಗಾಡಿ ಆ ನೀರಿನೊಳಗೆ ಹೋಗುತ್ತದೆ, ಗಾಲಿ ತೋಯುತ್ತವೆ ಎಂದು ಅವಳು ಕಾಯುತ್ತಿದ್ದಳು. ನೀರು ಹಿಂದೆ ಹಿಂದೆ ಸರಿಯುತ್ತಿತ್ತು. ಹಗ್ಗದ ಎರಡು ಎಳೆ ಅಂಗೈಯಲ್ಲಿ ಬೆಚ್ಚಗಿದ್ದವು. ಇಷ್ಟು ಅಗಲವಾದ ಜಾಗದಲ್ಲಿ ತನ್ನ ಕೈ ಹೇಳಿದ ಕಡೆ ಎರಡು ಜೀವ ನಡೆಯುತ್ತವೆ ಎಂಬುದನ್ನು ಅವಳು ಮತ್ತೆ ಮತ್ತೆ, ಮೆಲ್ಲಗೆ, ಒಂದಿಷ್ಟು ಬಲಕ್ಕೆ ಒಂದಿಷ್ಟು ಎಡಕ್ಕೆ ಎಳೆದು ಪರೀಕ್ಷಿಸಿ ನೋಡುತ್ತಿದ್ದಳು.

ಹಿಂದೆ ಧೂಳಪ್ಪ ಚೀಲಕ್ಕೆ ಒರಗಿ ನಿದ್ದೆಹೋಗಿರುತ್ತಿದ್ದ. ಇಳಿಜಾರು ಬಂದರೆ ನಿದ್ದೆಯಲ್ಲೇ ಅವನ ಬಲಗಾಲು ಚೀಲವನ್ನು ಒತ್ತುತ್ತಿತ್ತು. ತಿರುವು ಬಂದರೆ ಎರಡೂ ಕೈ ಎದೆಯ ಮುಂದೆ ಏಳುತ್ತಿದ್ದವು. ಒಮ್ಮೆ ಹಳ್ಳದ ಇಳಿಜಾರಿನಲ್ಲಿ ಮಲಕವ್ವ ಹಗ್ಗ ಜಗ್ಗುವ ಮೊದಲೇ ಎತ್ತುಗಳು ನಿಧಾನವಾದವು. ತಿರುಗಿ ನೋಡಿದಳು. ಅವನ ಕಾಲು ಚೀಲದ ಮೇಲೆ ಬಿಗಿಯಾಗಿ ಊರಿತ್ತು, ಕಣ್ಣು ಮುಚ್ಚಿತ್ತು. ಆ ಗಳಿಗೆ ಅವಳಿಗೆ ಈ ಗಾಡಿಯನ್ನು ಎಚ್ಚರದಲ್ಲಿ ತಾನೂ ಕನಸಿನಲ್ಲಿ ಅವನೂ ಕೂಡಿಯೇ ಹೊಡೆಯುತ್ತಿದ್ದೇವೆ ಅನ್ನಿಸಿತು.

ಅವನು ಎದ್ದಾಗ ಕೇಳಿದಳು, “ಏನ ಹೊಡ್ಯಾಕತ್ತಿದ್ರಿ ಕನಸಿನ್ಯಾಗ?”

“ಮೋಟಾರ. ಆದ್ರ ಅದರಾಗ ಗ್ಯಾಸ್ ಇದ್ದಿಲ್ಲ, ಎಂಜಿನ್ ಇದ್ದಿಲ್ಲ. ಸಪ್ಪಳನ ಇಲ್ಲ. ಮಂದಿ ಎಲ್ಲಾ ಬಾಯಾಗ ಬಳಿ ಹಿಡಕೊಂಡು ಸುಮ್ನ ಕುಂತಿದ್ರು.” ಮುಖದ ಧೂಳು ಒರೆಸಿಕೊಂಡು ಅವನೇ ಕೇಳಿದ, “ಕನಸಿನ್ಯಾಗ ಹೊಡದ್ರ ಜೇಲ ಐತೇನ ಬೇ?”

“ಕಂಡ್ರ ಜೇಲು. ನಾ ಏನೂ ಕಂಡಿಲ್ಲ ಬಿಡ್ರಿ.”

ಬಬಲೇಶ್ವರದ ಹತ್ತಿರ ಎರಡು ದಾರಿ ಕೂಡುವ ಜಾಗ ಬಂದರೆ ಮಾತ್ರ ಅವನಿಗೆ ಯಾರೂ ಎಬ್ಬಿಸದೆ ಎಚ್ಚರವಾಗುತ್ತಿತ್ತು. ತಗ್ಗಿನ ಮಣ್ಣಿನಲ್ಲಿ ಬಳೆಯ ಚೂರುಗಳು ಇನ್ನೂ ಇದ್ದವು. ಮಳೆ ಬಿದ್ದ ಮೇಲಂತೂ ತೊಳೆದು ಇಟ್ಟಂತೆ ಮಿನುಗುತ್ತಿದ್ದವು. ಧೂಳಪ್ಪ ಗಾಡಿಯಿಂದ ಇಳಿದು, ಕೆರವು ಕೈಯಲ್ಲಿ ಹಿಡಿದು, ಅಷ್ಟು ದೂರ ನಡೆದೇ ದಾಟಿ, ಆಚೆ ಮತ್ತೆ ಹತ್ತುತ್ತಿದ್ದ.

ನಾಗರಪಂಚಮಿಯ ಮುಂದೆ ಮಾಬುಬಿ ಬಳೆ ಬುಟ್ಟಿ ಹೊತ್ತು ತಿಕೋಟಾಕ್ಕೆ ಬಂದಳು. ಧೂಳಪ್ಪ ಹೊಲದಲ್ಲಿದ್ದ. ಮಲಕವ್ವನಿಗೆ ಅವಳ ಮುಖ ನೋಡಲು ನಾಚಿಕೆ. ನೀರು ಕೊಟ್ಟು, ಚಾಪೆ ಹಾಸಿ, ಕೈ ಮುಂದೆ ಚಾಚಿ ಕೂತಳು. ಮಾಬುಬಿಯ ಮಣಿಕಟ್ಟು ಒಂದಿಷ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬಳೆ ಏರಿಸುವಾಗ ಎಡಗೈ ಅವಳ ಮಾತು ಕೇಳುತ್ತಿರಲಿಲ್ಲ.

“ನಿನ್ನ ಗಂಡ ಎತ್ತಿನ ಗಾಡಿ ಯಾಕ ಬಿಟ್ಟಾನ ಯವ್ವಾ? ಹರಕಿ ಏನಾರ ಹೊತ್ತಾನೇನ?”

“ಕೋರ್ಟಿನ ಹುಕುಂ ಅಕ್ಕಾ. ಯಾವ ಗಾಡೀನೂ ಹೊಡಿಯೂ ಹಂಗಿಲ್ಲ.”

ಮಾಬುಬಿ ಬಳೆ ಬಿಟ್ಟು ನಕ್ಕಳು. “ತೋಬಾ! ಯಾರ ಹೇಳ್ಯಾರ ನಿನಗ? ಇವಾ ಮತ್ತ ಯಾವಾಗ ಮೋಟಾರ ಹಿಡೀತಾನ ಅಂತ ನಾನ ಹೋಗಿ ಬಸಲಿಂಗಯ್ಯನ್ನ ಕೇಳಿ ಬಂದೇನಿ. ನನ್ನ ಹೆದರಿಕಿ ನನಗ. ಮೋಟಾರಿಗಷ್ಟ ಐತಿ ಕಾಯ್ದೆ. ಎತ್ತಿಗೆ ಲೈಸೆನ್ಸ್ ಎಲ್ಲಿಂದ ಬಂತ ಯವ್ವಾ?”

ಮಲಕವ್ವ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. “ಶೇಂದಿಗೆ?” ಎಂದು ಕೇಳಿದಳು.

“ಶೇಂದಿ ಕುಡೀಬ್ಯಾಡ ಅಂತ ಕೋರ್ಟ ಯಾಕ ಅಂದೀತು? ಸರಕಾರನ ಅಂಗಡಿ ಹರಾಜ ಹಾಕತೈತಿ. ಕುಡದು ಮೋಟಾರ ಹೊಡೀಬ್ಯಾಡ ಅಂತೈತಿ, ಅಷ್ಟ.”

ಮಾಬುಬಿ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಮನೆಮನೆಗೆ ಹೋಗಿ ಹೆಂಗಸರ ಕೈ ಹಿಡಿದು ಕೂಡುವವಳಿಗೆ ಹೇಳದ ಮಾತೂ ತಿಳಿಯುತ್ತದೆ.

“ಕುಡದಿಲ್ಲೇನ ಅವಾ? ಅವತ್ತಿಂದ?”

“ಒಂದ ಹನಿ ಇಲ್ಲಕ್ಕಾ.”

ಮಾಬುಬಿ ತನ್ನ ಸೊಟ್ಟ ಮಣಿಕಟ್ಟನ್ನು ಬಲಗೈಯಿಂದ ಒಮ್ಮೆ ಸವರಿಕೊಂಡಳು. ಆಮೇಲೆ ಮಲಕವ್ವನ ಬೆರಳು ಒತ್ತಿ ಹಿಡಿದು, ಹಸಿರು ಬಳೆಯನ್ನು ಮೆಲ್ಲಗೆ ಏರಿಸಿದಳು. “ಹಂಗಾರ ನಾ ಏನೂ ಅಂದಿಲ್ಲ. ನೀ ಏನೂ ಕೇಳಿಲ್ಲ. ಕೈ ಸಡ್ಲ ಬಿಡು, ಒಡೀತಾವ.”

ಆ ದಿನದಿಂದ ಮಲಕವ್ವನಿಗೆ ಗಾಡಿಯ ಮೇಲೆ ಮೊದಲಿನ ಹಾಗೆ ಕೂಡಲಾಗಲಿಲ್ಲ. ಒಂದೇ ಮಾತಿನಿಂದ ಎರಡು ಗಂಟು ಕಟ್ಟಿದ್ದಳು. ಗಾಡಿಯ ಗಂಟು ಬಿಚ್ಚಿದರೆ ಶೇಂದಿಯ ಗಂಟೂ ಬಿಚ್ಚುತ್ತದೆ. ಶೇಂದಿ ಮತ್ತೆ ಶುರುವಾದರೆ ಪರೀಕ್ಷೆಯ ದಿನ ಅವನ ಕೈ ನಡುಗುತ್ತದೆ, ಬಾಯಿ ವಾಸನೆ ಬರುತ್ತದೆ. ಲೈಸೆನ್ಸ್ ಇಲ್ಲದ ಧೂಳಪ್ಪ ಉಳಿದ ಜೀವಮಾನವೆಲ್ಲ ಚೀಲದ ಮೇಲೆ ಕೂತು ಗಾಳಿಯಲ್ಲಿ ಬ್ರೇಕು ಒತ್ತುತ್ತಾನೆ. ಹೇಳಬಾರದು ಎಂದು ಮನಸ್ಸು ಗಟ್ಟಿಮಾಡಿದಳು. ಆದರೆ ಊರ ಮಂದಿ ಅವನನ್ನು ಚುಡಾ‌ಯಿಸಿದಾಗಲೆಲ್ಲ, ಅದನ್ನು ತಪ್ಪಿಸುವ ಮಾತು ತನ್ನ ಬಾಯಲ್ಲೇ ಇದೆ ಎಂದು ಅವಳಿಗೆ ಚುಚ್ಚುತ್ತಿತ್ತು. ಇನ್ನೊಂದು ಮಾತೂ ಇತ್ತು; ಅದನ್ನು ತನಗೆ ತಾನೇ ಹೇಳಿಕೊಳ್ಳಲು ಅವಳಿಗೆ ಬಹಳ ದಿನ ಬೇಕಾಯಿತು. ಹಗ್ಗ ತಿರುಗಿ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಅಕ್ಟೋಬರದಲ್ಲಿ ದಸರೆಯ ಖಂಡೇಪೂಜೆ ಬಂತು. ಗುರೆಳ್ಳಿನ ಹೊಲಗಳು ಹೂಬಿಟ್ಟು ಹಳದಿಯಾಗಿದ್ದವು. ವಿಜಾಪುರದಲ್ಲಿ ಗುರಲಿಂಗಪ್ಪನ ಮೋಟಾರು ಶೆಡ್ಡಿನಲ್ಲಿ ಪೂಜೆ; ಹಳೆಯ ಡ್ರೈವರನೆಂದು ಧೂಳಪ್ಪನಿಗೂ ಕರೆ ಇತ್ತು. ಮೋಟಾರನ್ನು ತೊಳೆದು ಚೆಂಡುಹೂವಿನ ಮಾಲೆ ಹಾಕಿದ್ದರು. ಇದ್ದಲಿಯ ಡಬ್ಬಕ್ಕೂ ಕುಂಕುಮ ಹಚ್ಚಿದ್ದರು. ಮಲಕವ್ವ ಹೊರಗೆ ಎತ್ತುಗಳಿಗೆ ಮೇವು ಹಾಕುತ್ತಿದ್ದಳು. ತಗಡಿನ ಗೋಡೆಯಾಚೆಯ ಮಾತು ಅವಳಿಗೆ ಕೇಳುತ್ತಿತ್ತು.

ಪೂಜೆ ಮುಗಿದು ಸಾವುಕಾರ ಮನೆಗೆ ಹೋದ ಮೇಲೆ ಒಳಗೆ ಶೇಂದಿಯ ಗಡಿಗೆ ಬಂತು. ಧೂಳಪ್ಪನ ಬದಲಿಗೆ ಮೋಟಾರು ಹೊಡೆಯುತ್ತಿದ್ದವನು ಅಮಸಿದ್ದ. ಹರೆಯದವ, ಬಾಯಿ ಜೋರು.

“ತಗೋ ಕಾಕಾ, ಹಬ್ಬದ ದಿನ.”

“ಒಲ್ಲೆಪಾ. ಕೋರ್ಟಿನ ಹುಕುಂ ಐತಿ, ಹೊಡಿಯೂ ಹಂಗಿಲ್ಲ.”

ಒಳಗೆ ನಗೆ ಎದ್ದಿತು. “ಕೇಳ್ರೆಪಾ ಕೇಳ್ರಿ! ಕೋರ್ಟನವ್ರು ಶೇಂದಿ ಬಂದ್ ಮಾಡ್ಯಾರಂತ! ಕಾಕಾ, ಎತ್ತಿನ ಗಾಡೀನೂ ಬಿಟ್ಟಿಯಂತಲ್ಲ? ಅದಕ್ಕ ಕಾಯ್ದೆನ ಇಲ್ಲ. ಯಾರೋ ನಿನಗ ಟೊಪ್ಪಿಗಿ ಹಾಕ್ಯಾರ.”

ಮಲಕವ್ವನ ಕೈಯಲ್ಲಿದ್ದ ಮೇವು ಹಾಗೇ ಉಳಿಯಿತು. ಧೂಳಪ್ಪ ಹೊರಗೆ ಬಂದ. ಬಾಯಿಂದ ಶೇಂದಿಯ ವಾಸನೆ ಬರುತ್ತಿರಲಿಲ್ಲ. ನೇರವಾಗಿ ಅವಳ ಮುಂದೆ ನಿಂತ.

“ಎತ್ತಿನ ಗಾಡಿಗೆ ಕಾಯ್ದೆ ಇಲ್ಲ ಅಂತಾನ ಅಮಸಿದ್ದ. ಖರೇ ಏನ ಮಲ್ಕಿ?”

ಬಿಸಿಲು ತಗಡಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ದೂರದಲ್ಲಿ ಗೋಳಗುಮ್ಮಟ ಬಿಸಿಗಾಳಿಯಲ್ಲಿ ನೆಲ ಬಿಟ್ಟು ತೇಲುತ್ತಿತ್ತು. ಸುಳ್ಳು ಹೇಳಿದರೆ ಸುಳ್ಳು ಹೇಳಲು ಬಾರದವನಿಗೆ ಹೇಳಿದಂತಾಗುತ್ತದೆ. ಖರೆ ಹೇಳಿದರೆ ಅವನು ಇದೇ ಕಾಲಿನಲ್ಲಿ ತಿರುಗಿ ಒಳಗೆ ಹೋಗುತ್ತಾನೆ. ಅವಳು ಎತ್ತಿನ ಕೊರಳ ಹಗ್ಗ ಸರಿಮಾಡುತ್ತ ಹೇಳಿದಳು.

“ಅಮಸಿದ್ದ ಈಗ ಯಾರ ಸೀಟಿನ್ಯಾಗ ಕುಂತಾನ್ರಿ?”

ಧೂಳಪ್ಪ ಹುಬ್ಬು ಗಂಟಿಕ್ಕಿದ.

“ನೀವು ಪಾಸಾದ್ರ ಅವಾ ಎಲ್ಲಿ ಕುಂದ್ರಬೇಕು? ಅಷ್ಟ ವಿಚಾರ ಮಾಡ್ರಿ. ಉಳದದ್ದು ನನ್ನ ಕೇಳಬ್ಯಾಡ್ರಿ.”

ಅವನು ಬಹಳ ಹೊತ್ತು ಶೆಡ್ಡಿನ ಬಾಗಿಲು ನೋಡಿದ. ಒಳಗಿಂದ ಅಮಸಿದ್ದ ಹಾಡುವುದು ಕೇಳುತ್ತಿತ್ತು. “ಕಳ್ಳ ನನ್ನ ಮಗ,” ಎಂದು ಧೂಳಪ್ಪ ಮೆಲ್ಲಗೆ ಅಂದು, ಗಾಡಿಯ ಹಿಂದಿನಿಂದ ಹತ್ತಿ ಕೂತ. ದಾರಿಯುದ್ದಕ್ಕೂ ಮಲಕವ್ವ ತಿರುಗಿ ನೋಡಲಿಲ್ಲ.

ಡಿಸೆಂಬರದಲ್ಲಿ ಆರು ತಿಂಗಳ ಮುದ್ದತ್ತು ಮುಗಿಯಿತು. ಪರೀಕ್ಷೆ ಕೋಟೆಗೋಡೆಯ ಮಗ್ಗುಲ ಬಯಲಿನಲ್ಲಿ. ಗುರಲಿಂಗಪ್ಪ ಮೋಟಾರು ಕಳಿಸಿದ್ದ. ಮಲಕವ್ವ ಗಾಡಿಯನ್ನು ದೂರ ನಿಲ್ಲಿಸಿ, ಮೂಕಿಯ ಮೇಲೆ ಕೂತು ನೋಡಿದಳು. ಇನ್‌ಸ್ಪೆಕ್ಟರು ಧೂಳಪ್ಪನ ಪಕ್ಕದಲ್ಲಿ ಕೂತರು. ಮೋಟಾರು ಕೆಮ್ಮಿತು, ಹೊಗೆ ಬಿಟ್ಟಿತು, ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಗಿ ಗೋಡೆಯ ತಿರುವಿನಲ್ಲಿ ಮರೆಯಾಯಿತು. ಸದ್ದೂ ಅಡಗಿತು.

ಗೋಡೆಯ ಕಲ್ಲುಗಳ ಸಂದಿಯಿಂದ ಗಿಳಿಗಳು ಹೊರಬಿದ್ದು ಮತ್ತೆ ಒಳಸೇರಿದವು. ಚಳಿಗಾಲದ ಬಿಸಿಲು ಹಾಲಿನ ಹಾಗೆ ಇತ್ತು. ಮಲಕವ್ವನ ಬಲಗಾಲು ತಾನಾಗಿ ಮೂಕಿಯನ್ನು ಒತ್ತಿ ಹಿಡಿದಿತ್ತು. ಅದು ಅವಳಿಗೆ ಗೊತ್ತಾದದ್ದು, ಮೋಟಾರು ಮತ್ತೆ ಕಾಣಿಸಿಕೊಂಡು ಬಯಲಿನ ನಡುವೆ ಒಂದಿಷ್ಟೂ ಅಲುಗದೆ ನಿಂತ ಮೇಲೆ.

ಇಳಿಯುವ ಮುನ್ನ ಇನ್‌ಸ್ಪೆಕ್ಟರು ಕೇಳಿದರು, “ಶೇಂದಿ ಬಿಟ್ಟೀಯೋ ಇಲ್ಲೋ?”

“ಬಿಟ್ಟೇನ್ರಿ ಸಾಹೇಬ್ರ. ಹೊಡಿಯೂ ಹಂಗಿಲ್ಲ ಅಂತ ಹುಕುಂ ಆಗೇತಲ್ರಿ. ಎತ್ತಿನ ಗಾಡೀನೂ ಹೊಡದಿಲ್ರಿ.”

ಇನ್‌ಸ್ಪೆಕ್ಟರು ಪಾಸು ಬರೆದರು. ಆದರೆ ಎತ್ತಿನ ಗಾಡಿಯ ಮಾತು ಅವರಿಗೆ ತಿಳಿಯಲಿಲ್ಲ. ಲೈಸೆನ್ಸ್ ತಿರುಗಿ ಕೊಡಿಸಲು ಕೋರ್ಟಿಗೆ ಬಂದಾಗ ಬಸಲಿಂಗಯ್ಯನನ್ನೇ ಕೇಳಿದರು. ಬಸಲಿಂಗಯ್ಯ ಮೊದಲು ನಕ್ಕ, ಆಮೇಲೆ ನಗುವುದನ್ನು ನಿಲ್ಲಿಸಿದ.

“ನಾ ಅಂದದ್ದು ಮೋಟಾರ ಗಾಡಿ ಮಾರಾಯಾ! ಎತ್ತಿನ ಗಾಡಿ ಹೊಡೀಬ್ಯಾಡ ಅಂತ ಯಾವ ಕಾಯ್ದೆ ಹೇಳ್ತದ?”

“ಶೇಂದಿರಿ?”

“ಶೇಂದಿ ಸುದ್ದಿ ನಾ ಎತ್ತೇ ಇಲ್ಲ. ಆದ್ರ ಇನ್ನೊಮ್ಮೆ ಕುಡದು ಮೋಟಾರ ಹೊಡದ್ರ ಈ ಲೈಸೆನ್ಸ್ ನಿನ್ನ ಕೈಗೆ ತಿರುಗಿ ಬರಂಗಿಲ್ಲ. ಇದನ್ನ ಮಾತ್ರ ಸರಿಯಾಗಿ ಕೇಳಕೋ.”

ಧೂಳಪ್ಪ ಹೊರಗೆ ಬಂದ. ಬೇವಿನ ಕೆಳಗೆ ಗಾಡಿ ನಿಂತಿತ್ತು. ಕೆಂಪು ಶಾಯಿಯ ಶೆರಾ ಇದ್ದ ಲೈಸೆನ್ಸು ಅವನ ಕೈಯಲ್ಲಿತ್ತು. ಅದನ್ನು ಅವಳಿಗೆ ತೋರಿಸಲಿಲ್ಲ.

“ನಿನಗ ಗೊತ್ತಿತ್ತೇನ?”

“ಗೊತ್ತಿತ್ತು,” ಅಂದಳು ಮಲಕವ್ವ.

“ಯಾವಾಗಿಂದ?”

“ಪಂಚಮಿಂದ. ಮೊದಲನೇ ದಿನ ನಾನೂ ನಿಮ್ಮಂಗ ಹೆದರಿದ್ನಿರಿ.”

“ಊರ ಮಂದಿ ಕಡಿಂದ ಏನೇನ ಅನಿಸ್ಕೊಂಡೇನಿ, ಹಿಂದ ಕುಂತು!”

“ನಾನೂ ಅನಿಸ್ಕೊಂಡೇನ್ರಿ, ಮುಂದ ಕುಂತು.”

ಅವಳು ಇಳಿದು ನಿಂತು ಹಗ್ಗವನ್ನು ಅವನ ಕಡೆ ಚಾಚಿದಳು. ಹಸಿರು ಬಳೆಗಳು ಸದ್ದು ಮಾಡಿದವು. “ತಗೋರಿ. ಇನ್ನ ನಿಮ್ಮನ್ನ ಬ್ಯಾಡ ಅನ್ನಾಕ ನನ್ನ ಕಡೆ ಏನೂ ಇಲ್ಲ.”

ಧೂಳಪ್ಪ ಹಗ್ಗ ನೋಡಿದ, ಬಳೆ ನೋಡಿದ. ಕಟ್ಟೆಯ ಮೇಲೆ ಅಂದಿನಂತೆಯೇ ಗುಡುಸಾಬ ಬೀಡಿ ಹಚ್ಚುತ್ತಿದ್ದ. ಧೂಳಪ್ಪ ಲೈಸೆನ್ಸನ್ನು ಅಂಗಿಯ ಒಳಕಿಸೆಗೆ ಇಳಿಸಿ, ಗುಂಡಿ ಹಾಕಿಕೊಂಡು, ಗಾಡಿಯ ಹಿಂಬದಿಗೆ ನಡೆದ.

“ನೀನ ಹೊಡಿ,” ಅಂದ. “ಎತ್ತಿಗೆ ನಿನ್ನ ಕೈ ರೂಢಿ ಆಗೇತಿ.”

ತಿಕೋಟಾ ಬಂದಾಗ ಹೊತ್ತು ಇಳಿಮುಖವಾಗಿತ್ತು. ಶೇಂದಿ ಅಂಗಡಿಯ ಮುಂದೆ ಈಚಲ ನೆರಳು ರಸ್ತೆಗೆ ಅಡ್ಡ ಬಿದ್ದಿತ್ತು. ಮಲಕವ್ವ ಹಗ್ಗವನ್ನು ಸಡಿಲ ಬಿಟ್ಟಳು. ಬಿಗಿ ಹಿಡಿಯಲೂ ಇಲ್ಲ, ತಿವಿಯಲೂ ಇಲ್ಲ. ಎತ್ತುಗಳು ನೆರಳು ದಾಟಿ ನಡೆದವು.

“ಎತ್ತು ಅಂಗಡಿ ಮರತಾವ,” ಎಂದು ಹಿಂದಿನಿಂದ ಧೂಳಪ್ಪ ಅಂದ.

ಮುಂದಿನ ಸಂತೆಯ ದಿನ ಬಬಲೇಶ್ವರದ ಮೋಟಾರನ್ನು ಧೂಳಪ್ಪ ಹೊಡೆದ. ಮಾಬುಬಿ ಬಾಗಿಲ ಹತ್ತಿರದ ಸೀಟಿನಲ್ಲಿ, ಬುಟ್ಟಿಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು. ಮುಂದೆ ಬಂದ ಹೋಳಿಹುಣ್ಣಿಮೆಗೆ ಅವನು ಶೇಂದಿ ಕುಡಿದ. ಅಂದು ಮೋಟಾರನ್ನು ಅಮಸಿದ್ದ ಹೊಡೆದ. ಧೂಳಪ್ಪನನ್ನು ಮನೆಗೆ ಕರೆತಂದ ಗಾಡಿಯನ್ನು ಮಲಕವ್ವ ಹೊಡೆದಳು.